ಗಿರಣಿ ಬೀದಿಯ ಡಿಸ್ಕು

ಹಿಟ್ಟಿನ ಗಿರಣಿಯ ಹೊನ್ನಮ್ಮನ ಕಿವುಡು ಬರೀ ನಾಟಕ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಇಪ್ಪತ್ತೆಂಟು ವರ್ಷ ಗಿರಣಿಯ ಪಕ್ಕ ನಿಂತವಳಿಗೆ ಕಿವಿ ಮಂದವಾದರೆ ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನೀವು ನಮ್ಮೂರಿನವರಲ್ಲ, ಅದಕ್ಕೇ ಕೇಳುತ್ತೀರಿ. ನಮ್ಮಲ್ಲಿ ತಲೆಯ ಮೇಲೆ ಸೂರಿಲ್ಲದ ಕಡೆ ಆಡಿದ ಮಾತು ಒಂಬತ್ತು ವರ್ಷ ತುಂಬಿದ ದಿನ, ಅದೇ ಗಳಿಗೆಗೆ, ಅದೇ ಜಾಗಕ್ಕೆ ಒಂದು ಸಲ ಮರಳಿ ಬರುತ್ತದೆ. ಎಷ್ಟು ಗಟ್ಟಿಯಾಗಿ ಕೂಗಿದ್ದರೂ ಸಣ್ಣ ದನಿಯಾಗಿ ಬರುತ್ತದೆ, ಎರಡು ಮಾರಿನೊಳಗೆ ನಿಂತವರಿಗಷ್ಟೇ ಕೇಳುತ್ತದೆ. ಮನುಷ್ಯರ ಮಾತು ಮಾತ್ರ. ನಾಯಿ ಬೊಗಳಿದ್ದು, ಗಿರಣಿ ತಿರುಗಿದ್ದು ಬರುವುದಿಲ್ಲ. ಹಾಗಾಗಿ ಕಿವಿ ಕೇಳಿಸದವರಂತೆ ನಟಿಸಿ, ಎದುರಿನವರ ಬಾಯಲ್ಲಿ ಬೀದಿಯಲ್ಲೇ ಎರಡೆರಡು ಸಲ ಗಟ್ಟಿಯಾಗಿ ಮಾತಾಡಿಸಿ ದಾಖಲೆಗೆ ಸೇರಿಸಿಬಿಡುವ ಜಾಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಕೊಡೆಯೂ ಸೂರೇ. ಆದ್ದರಿಂದ ಸುಡುಬಿಸಿಲಿರಲಿ, ಮೋಡವಿರಲಿ, ನಮ್ಮೂರಿನವರ ಕಂಕುಳಲ್ಲಿ ಕೊಡೆ ಇದ್ದೇ ಇರುತ್ತದೆ. ಗುಟ್ಟು ಹೇಳಬೇಕೆಂದರೆ ಪಟ್ಟನೆ ಬಿಚ್ಚುತ್ತಾರೆ. ಗಂಡಹೆಂಡಿರ ಜಗಳ ಒಳಮನೆಯಲ್ಲೇ ಮುಗಿಯುತ್ತದೆ. ಅಂಗಳದಲ್ಲಿ ನಿಂತು ಅಜ್ಜಿ ಊಟಕ್ಕೆ ಕರೆದದ್ದು ಮರಳುವ ದಿನ, ಅಜ್ಜಿ ಹೋಗಿ ಎಷ್ಟೋ ವರ್ಷವಾಗಿದ್ದರೂ, ಮೊಮ್ಮಕ್ಕಳು ಸ್ನಾನ ಮಾಡಿಕೊಂಡು ಬಂದು ಮೆಟ್ಟಿಲ ಮೇಲೆ ಕಾಯುತ್ತಾರೆ. ಕೊಡೆ ಬಿಚ್ಚಿಕೊಂಡು ಹತ್ತಿರ ಬರುವವರನ್ನು ನಾನು ನಂಬುವುದಿಲ್ಲ. ಬಿಚ್ಚದೆ ಬರುವವರನ್ನಂತೂ ಮೊದಲೇ ನಂಬುವುದಿಲ್ಲ.

ನಾನು ಸುಗುಣ. ಮರುದನಿ ಕಚೇರಿಯ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸ. ಊರಿಗೆ ಐದು ಬೀದಿ, ಬೀದಿಗಿಬ್ಬರು ಕೇಳುಗರು. ಯಾರು, ಎಲ್ಲಿ, ಎಷ್ಟು ಗಂಟೆಗೆ, ಏನಂದರು ಎಂದು ಅವರು ಮಾತು ಆಡಿದ ದಿನವೇ ಚೀಟಿಯಲ್ಲಿ ಬರೆದು ತರುತ್ತಾರೆ, ನಾನು ಅದನ್ನು ಕಂಪ್ಯೂಟರಿಗೆ ಹಾಕುತ್ತೇನೆ. ಆಮೇಲೆ ಯಾರೂ ತಿದ್ದಬಾರದೆಂದು ಚೀಟಿಯನ್ನು ಎಲ್ಲರೆದುರಿಗೇ ಸುಡುತ್ತೇವೆ. ಇನ್ನೊಂದು ಪ್ರತಿ ಇಡೋಣ ಎಂದರೆ ಊರು ಒಪ್ಪಲಿಲ್ಲ. ಎರಡು ಪ್ರತಿ ಇದ್ದರೆ ಯಾವುದು ನಿಜ ಎಂದು ಹೊಡೆದಾಟವಾಗುತ್ತದಂತೆ. ಯಂತ್ರದಲ್ಲಿ ಐದು ಡಿಸ್ಕು, ಬೀದಿಗೊಂದು. ಒಂದೊಂದು ಡಿಸ್ಕಿಗೂ ಮುಚ್ಚಳವಿರುವ ಗೂಡು, ಗೂಡಿಗೆ ಬೀಗ, ಬೀಗದ ಕೈ ಆಯಾ ಬೀದಿಯ ಬೀಗದವರ ಹತ್ತಿರ. ಪ್ರತಿ ಮಾತೂ ಐದರಲ್ಲಿ ಹಂಚಿಹೋಗಿರುತ್ತದೆ. ಒಂದು ಡಿಸ್ಕು ಕಳೆದುಹೋದರೂ ಅದರಲ್ಲಿ ಏನಿತ್ತೆಂದು ಮಿಕ್ಕ ನಾಲ್ಕನ್ನು ನೋಡಿ ಯಂತ್ರ ಲೆಕ್ಕ ಹಾಕಿ ಹೇಳುತ್ತದೆ. ಎರಡು ಹೋದರೆ ಎಲ್ಲವೂ ಹೋದಂತೆ. ಒಬ್ಬರನ್ನೊಬ್ಬರು ನಂಬದ ಊರಿಗೆ ಹೇಳಿಮಾಡಿಸಿದ ಯಂತ್ರ. ನಮ್ಮ ಗಿರಣಿ ಬೀದಿಯ ಬೀಗದ ಕೈ ಅಪ್ಪನ ಕಾಲದಿಂದ ನಮ್ಮ ಮನೆಯಲ್ಲೇ ಇದೆ, ಈಗ ನನ್ನ ಸೆರಗಿನ ಗಂಟಿನಲ್ಲಿ.

ಹೊನ್ನಮ್ಮ ಕಚೇರಿಗೆ ಬಂದದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ, ಮೈಕೈಯೆಲ್ಲ ರಾಗಿಹಿಟ್ಟು. ಅವಳ ಗಂಡ ಪುಟ್ಟರಸು ಲೈನ್‌ಮನ್ ಆಗಿದ್ದ. ಗಿರಣಿಯ ಹಿಂದಿನ ಸಾಲಿನಲ್ಲಿ ಕಂಬದಿಂದ ಬಿದ್ದು ಸತ್ತು ಇನ್ನು ಹನ್ನೊಂದು ದಿನಕ್ಕೆ ಒಂಬತ್ತು ವರ್ಷ ತುಂಬುತ್ತಿತ್ತು. ಆ ಬೆಳಿಗ್ಗೆ ಅವನು ಹೊರಗಿನಿಂದ ಅವಳನ್ನು ಕರೆದು ಏನೋ ಹೇಳಿದನಂತೆ. ಗಿರಣಿ ಓಡುತ್ತಿತ್ತು, ಸಾಲಿನಲ್ಲಿ ಜನ ನಿಂತಿದ್ದರು, ಅವಳು ತಿರುಗಿಯೂ ನೋಡದೆ ಆಮೇಲೆ ಆಮೇಲೆ ಎಂದು ಕೈಯಾಡಿಸಿದಳಂತೆ. ಅವನು ಎಲ್ಲಿ ನಿಂತಿದ್ದ ಎನ್ನುವುದೂ ಅವಳಿಗೆ ಗೊತ್ತಿಲ್ಲ. ಮಧ್ಯಾಹ್ನ ಎರಡು ತಟ್ಟೆಗೆ ಮುದ್ದೆ ಇಟ್ಟುಕೊಂಡು ಕಾದಳು. ನಾಲ್ಕು ಗಂಟೆಗೆ ಸುದ್ದಿ ಬಂತು. ಅವತ್ತಿನಿಂದ ಅವಳು ನಾಲ್ಕು ಹೊಡೆಯುವ ತನಕ ಉಣ್ಣುವುದಿಲ್ಲ. ಇದು ಬೀದಿಗೆಲ್ಲ ಗೊತ್ತು. ಯಾವುದೋ ಹರಕೆಯ ಸೋಗು ಎಂದು ನಾನು ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಅವಳು ಕೇಳಿದ್ದು ಇಷ್ಟೇ. "ಅವರು ಏನಂದ್ರು ಅಂತ ಒಂದು ಸಾಲು ಬರ್ದುಕೊಡಿ ಸುಗುಣಕ್ಕ. ನಿಂತ್ಕಂಡು ಕೇಳಾಕೆ ನನಗೆ ಕಿವಿ ಉಳಿದಿಲ್ಲ. ಓದಾಕೆ ಕಣ್ಣವೆ."

ಆ ದಿನದ ಫೈಲು ತೆರೆಯಲು ಹೋದೆ, ತೆರೆಯಲಿಲ್ಲ. ಓದಲಾಗುವುದಿಲ್ಲ, ರಚನೆ ಕೆಟ್ಟಿದೆ ಎಂದು ಪರದೆಯ ಮೇಲೆ ಬಂತು. ಹಿಂದಿನ ದಿನದ್ದು ತೆರೆಯಿತು, ಮುಂದಿನ ದಿನದ್ದು ಅರ್ಧ ತೆರೆಯಿತು. ಮತ್ತೊಂದು ಸಲ ಒತ್ತಿದ್ದಕ್ಕೆ ಇನ್ನು ಮೇಲೆ ಓದಲು ಮಾತ್ರ ಬಿಡುತ್ತೇನೆ, ಬರೆಯಲು ಬಿಡುವುದಿಲ್ಲ ಎಂದು ಯಂತ್ರ ಹಟ ಹಿಡಿದು ಕೂತಿತು. ಐದೂ ಗೂಡಿನ ಹಸಿರು ದೀಪ ಮಾತ್ರ ನೆಟ್ಟಗೆ ಉರಿಯುತ್ತಿದ್ದವು. ನಾಳೆ ಬನ್ನಿ ಎಂದು ಹೊನ್ನಮ್ಮನಿಗೆ ಕೈಸನ್ನೆ ಮಾಡಿ ಕಳಿಸಿದೆ.

ನನ್ನ ತಲೆಗೆ ಮೊದಲು ಬಂದದ್ದು ಯಂತ್ರವಲ್ಲ, ತಿಮ್ಮರಾಯ. ಅವನು ಕೆರೆ ಬೀದಿಯ ಬೀಗದವನು. ಅವನೂ ಲೈನ್‌ಮನ್, ಪುಟ್ಟರಸುವಿನ ಜೊತೆಯವನು. ಅವತ್ತು ಆ ಕಂಬ ಹತ್ತಬೇಕಾಗಿದ್ದವನು ತಿಮ್ಮರಾಯನೇ, ತಾನು ಕೂತುಕೊಂಡು ಪುಟ್ಟರಸುವನ್ನು ಹತ್ತಿಸಿದ ಎಂದು ಊರು ಕೊಡೆಯ ಕೆಳಗೆ ಒಂಬತ್ತು ವರ್ಷದಿಂದ ಆಡಿಕೊಳ್ಳುತ್ತಿದೆ. ಸರಿಯಾಗಿ ಆ ದಿನದ ಫೈಲೇ ಕೆಡಬೇಕೆಂದರೆ ಅದು ತಾನಾಗಿ ಕೆಟ್ಟದ್ದೇ? ನನ್ನನ್ನು ಏನೆಂದುಕೊಂಡಿದ್ದಾರೆ ಇವರೆಲ್ಲ ಎಂದು ಮೈ ಉರಿಯಿತು.

ಆದರೂ ಪದ್ಧತಿ ಪ್ರಕಾರವೇ ಹೋದೆ. ದುರಸ್ತಿ ಮಾಡು ಎಂದು ಒಂದು ಆಜ್ಞೆ ಕೊಟ್ಟರೆ ಯಂತ್ರ ತನಗೆ ತೋಚಿದಂತೆ ಹೊಲಿದುಬಿಡುತ್ತದೆ, ಆಮೇಲೆ ಅತ್ತರೂ ಹಳೆಯದು ಬರುವುದಿಲ್ಲ. ಹಾಗಾಗಿ ಬರೀ ನೋಡು, ಏನನ್ನೂ ಮುಟ್ಟಬೇಡ ಎಂದು ತಪಾಸಣೆಗೆ ಬಿಟ್ಟೆ. ಸಾವಿರಾರು ಎರರ್ ಬಂದವು. ಒಂದೊಂದೇ ಡಿಸ್ಕಿನ ಆರೋಗ್ಯದ ವರದಿ ತೆಗೆದೆ; ಐದೂ ಗಟ್ಟಿಮುಟ್ಟಾಗಿದ್ದವು, ಒಂದು ಗೀರೂ ಇಲ್ಲ. ಕೇಬಲ್ ಬದಲಿಸಿದೆ. ಮೆಮೊರಿ ಪರೀಕ್ಷೆಗೆ ಒಂದು ಇಡೀ ದಿನ ಕೊಟ್ಟೆ, ಅದೂ ಸರಿಯಾಗಿತ್ತು. ಸಾಮಾನೆಲ್ಲ ಸರಿಯಿದ್ದು ಬರಹ ಮಾತ್ರ ಕೆಟ್ಟಿದ್ದರೆ ಅದು ಮನುಷ್ಯರ ಕೈ ಎಂದೇ ನಾನು ತೀರ್ಮಾನಿಸಿದೆ.

ಹೊನ್ನಮ್ಮ ದಿನಾ ಬರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೋಗುತ್ತಿದ್ದಳು. ಆರನೇ ದಿನ ನನಗೆ ತಡೆಯಲಾಗಲಿಲ್ಲ. ಅವಳು ತಿರುಗಿ ಮೆಟ್ಟಿಲಿಳಿಯುವಾಗ ನಾನೂ ಮೆಟ್ಟಿಲಿಗೆ ಬಂದು ಬೇಕೆಂದೇ ಹಿಂದಿನಿಂದ, ಹೊನ್ನಮ್ಮ ನಿಮ್ಮ ಸೆರಗಿಗೆ ಚೇಳು ಹತ್ತಿದೆ ಎಂದೆ, ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿ. ಅವಳು ಹಾಗೇ ನಿಧಾನವಾಗಿ ನಡೆದುಹೋದಳು. ಎದುರಿನ ಕಟ್ಟೆಯ ಮೇಲಿದ್ದ ಇಬ್ಬರು ಮಾತ್ರ ದಡಬಡ ಎದ್ದರು. ನನಗೆ ನಾಚಿಕೆಯಾಯಿತು. ಆ ಚೇಳಿನ ಮಾತು ಒಂಬತ್ತು ವರ್ಷದ ಮೇಲೆ ಮೆಟ್ಟಿಲಿಗೆ ಮರಳಿ ಬರುತ್ತದೆ, ಬರಲಿ.

ಮಾರನೆಯ ದಿನ ಕೊನೆಯ ಪರೀಕ್ಷೆ ಮಾಡಿದೆ. ಅದನ್ನು ಮೊದಲೇ ಮಾಡಬೇಕಾಗಿತ್ತು, ಏಕೆ ಮಾಡಲಿಲ್ಲ ಎನ್ನುವುದು ನನಗೆ ಗೊತ್ತು, ಹೇಳುತ್ತೇನೆ. ಪ್ರತಿ ಡಿಸ್ಕಿನ ತಲೆಯಲ್ಲೂ ಒಂದು ಎಣಿಕೆ ಇರುತ್ತದೆ. ಯಂತ್ರ ಬರೆದಾಗಲೆಲ್ಲ ಒಳಗಿರುವ ಡಿಸ್ಕುಗಳ ಎಣಿಕೆ ಮೇಲೇರುತ್ತದೆ. ಹೊರಗೆ ಹೋಗಿ ಬಂದ ಡಿಸ್ಕು ಹಿಂದೆ ಬೀಳುತ್ತದೆ, ಶಾಲೆ ತಪ್ಪಿಸಿದ ಮಗು ಪಾಠದಲ್ಲಿ ಹಿಂದೆ ಬಿದ್ದ ಹಾಗೆ. ಕೆರೆ ಬೀದಿಯ ಡಿಸ್ಕು ಹಿಂದಿರುತ್ತದೆ, ತಿಮ್ಮರಾಯನ ಮುಖಕ್ಕೆ ಆ ಸಂಖ್ಯೆ ಹಿಡಿಯುತ್ತೇನೆ ಎಂದು ಕಾದೆ. ಐದು ಎಣಿಕೆಯೂ ಬೇರೆ ಬೇರೆ ಬಂದವು. ನಾಲ್ಕರಲ್ಲಿ ಅಷ್ಟಿಷ್ಟು ವ್ಯತ್ಯಾಸ. ಐದನೆಯದು ಎಲ್ಲಕ್ಕಿಂತ ಬಹಳ ಹಿಂದೆ ಬಿದ್ದಿತ್ತು, ಅದು ಗಿರಣಿ ಬೀದಿಯದು. ನನ್ನದು.

ಈಗ ಹೇಳಲೇಬೇಕು. ಮಧ್ಯಾಹ್ನ ಒಂದರಿಂದ ಎರಡರವರೆಗೆ ನಾನು ಮನೆಗೆ ಊಟಕ್ಕೆ ಹೋಗುತ್ತೇನೆ. ಆ ಹೊತ್ತಿನಲ್ಲಿ ಯಾವ ಬೀಗದವರು ಬೇಕಾದರೂ ಬಂದು ತಮ್ಮ ಗೂಡನ್ನು ನೋಡಿಹೋಗಬಹುದೆಂದು ನಿಯಮ. ಆ ಒಂದು ಗಂಟೆಯಲ್ಲಿ ನಮ್ಮ ಗೂಡಿಗೂ ಯಾರಾದರೂ ಕೈ ಹಾಕಿಯಾರು ಎಂದು ನನಗೆ ಅನುಮಾನ. ಅದಕ್ಕೆ ನಮ್ಮ ಬೀದಿಯ ಡಿಸ್ಕನ್ನು ಗೂಡಿನಿಂದ ತೆಗೆದು, ಮುಚ್ಚಳಕ್ಕೆ ಬೀಗ ಹಾಕಿ, ಕೈಚೀಲದಲ್ಲಿ ಮಜ್ಜಿಗೆ ಬಾಟಲಿಯ ಪಕ್ಕ ಇಟ್ಟುಕೊಂಡು ಮನೆಗೆ ಒಯ್ಯುತ್ತಿದ್ದೆ. ಎರಡು ಗಂಟೆಗೆ ಬಂದು ಹಾಕುತ್ತಿದ್ದೆ. ಒಂದು ಹೋದರೂ ನಾಲ್ಕಿವೆಯಲ್ಲ, ಯಾರಿಗೇನು ನಷ್ಟ? ದಿನಾ ಹೀಗೆ, ಎರಡು ವರ್ಷ. ಡಿಸ್ಕು ತೆಗೆದಾಗಲೆಲ್ಲ ಯಂತ್ರ ಕುಂಯ್‌ಗುಟ್ಟುತ್ತಿತ್ತು. ಊರಿಗೆಲ್ಲ ಕೇಳಿಸೀತೆಂದು ಮೊದಲ ವಾರವೇ ಆ ಸದ್ದನ್ನು ನಿಲ್ಲಿಸಿದವಳೂ ನಾನೇ. ಹಸಿರು ದೀಪವೋ, ಗೂಡಿಗೆ ಕರೆಂಟ್ ಇದೆ ಎಂದಷ್ಟೇ ಅದರ ಅರ್ಥ, ಒಳಗೆ ಡಿಸ್ಕು ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಾನು ನಿಲ್ಲಿಸಿದ ಆ ಸದ್ದು ಇನ್ನೆಷ್ಟು ಸಲ, ಇನ್ನು ಯಾರ್‍ಯಾರಿಗಾಗಿ ಕೂಗಬೇಕಾಗಿತ್ತೋ ಎಂದು ಹೊಳೆದದ್ದು ಆಗ.

ಮಿಕ್ಕ ನಾಲ್ವರು ಬೀಗದವರನ್ನೂ ಕಚೇರಿಯ ಒಳಕೋಣೆಗೆ ಕರೆಸಿದೆ. ಬಾಗಿಲು ಹಾಕಿದರೂ ಅಭ್ಯಾಸಬಲದಿಂದ ಒಬ್ಬರು ಕೊಡೆ ಬಿಚ್ಚಿಕೊಂಡೇ ಕೂತರು. ನನ್ನ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕೈಚೀಲದ ಕಥೆಯನ್ನು ಒಂದೂ ಬಿಡದೆ ಹೇಳಿದೆ. ಈಗ ಉಗಿಯುತ್ತಾರೆ, ಕೆಲಸ ಹೋಗುತ್ತದೆ, ಅಪ್ಪನ ಹೆಸರು ಹೋಗುತ್ತದೆ ಎಂದುಕೊಂಡೆ. ಯಾರೂ ಉಗಿಯಲಿಲ್ಲ. ಸಂತೆ ಬೀದಿಯ ಜಮೀಲಾಬಿ ಗಂಟಲು ಸರಿಮಾಡಿಕೊಂಡು, ತಾನು ವಾರಕ್ಕೊಂದು ಸಲ ಮಾತ್ರ ಒಯ್ಯುತ್ತಿದ್ದುದು, ಅದೂ ಶುಕ್ರವಾರ ಎಂದರು. ಇನ್ನೊಬ್ಬರು ಅಮಾವಾಸ್ಯೆಗೆ. ಮತ್ತೊಬ್ಬರು ನೆಂಟರು ಊರಿಗೆ ಬಂದಾಗ. ಎಲ್ಲರ ಸಮಾಧಾನವೂ ಒಂದೇ: ನನ್ನದೊಂದು ತಾನೇ, ನಾಲ್ಕಿವೆಯಲ್ಲ. ಹೊರಗೆ ಹೋಗಿ ಬಂದ ಡಿಸ್ಕಿಗೆ ತಪ್ಪಿಹೋದದ್ದನ್ನು ಬರೆಸಿಕೊಡಲು ಯಂತ್ರಕ್ಕೆ ಏಳೆಂಟು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಬ್ಬರು ತಮ್ಮದನ್ನು ಕಿತ್ತಿರುತ್ತಿದ್ದರು. ಹೀಗೆ ಎರಡು ಒಟ್ಟಿಗೆ ಹೊರಗಿದ್ದ ಮಧ್ಯಾಹ್ನಗಳಲ್ಲಿ ಪಾಪದ ಯಂತ್ರ ಕೈಚೆಲ್ಲಿದೆ.

ತಿಮ್ಮರಾಯ ಕೊನೆಗೆ ಬಾಯಿ ಬಿಟ್ಟ. ಅವನು ಈ ತಿಂಗಳು ಎರಡೇ ಸಲ ಒಯ್ದಿದ್ದನಂತೆ. ನಾನು ಬಿಡಲಿಲ್ಲ, ಆ ದಿನದ ಫೈಲೇ ಏಕೆ ಕೆಟ್ಟಿತು ಎಂದು ನೇರವಾಗಿ ಕೇಳಿದೆ.

"ನಾನ್ಯಾಕೆ ಕೆಡಿಸ್ಲಿ ಸುಗುಣಕ್ಕ?" ಎಂದ. "ನೀ ಕೂತ್ಕ, ನಾ ಹತ್ತೀನಿ ಅಂತ ಅವನೇ ಅಂದಿದ್ದು. ಬಯಲಲ್ಲೇ ಅಂದಿದ್ದು. ಅದು ಬರಾ ದಿನಕ್ಕೆ ಅಂತ ಒಂಬತ್ತು ವರ್ಷ ಕಾದಿವ್ನಿ. ದಾಖಲೇಲಿರೋದನ್ನ ಯಾರಾದ್ರೂ ಅಳಿಸಿಬಿಟ್ಟಾರು ಅಂತ್ಲೇ ಮನೆಗೆ ಒಯ್ದೆ."

ಹಾಗೆ ನೋಡಿದರೆ ಆ ಫೈಲನ್ನು ಯಾರೂ ಗುರಿಯಿಟ್ಟು ಕೆಡಿಸಿರಲಿಲ್ಲ. ಅಂಥ ದಿನಗಳು ನಾನೂರಕ್ಕೂ ಹೆಚ್ಚು ಕೆಟ್ಟಿದ್ದವು. ಹೊನ್ನಮ್ಮ ಬಂದು ಕೇಳಿದ್ದು ಇದೊಂದನ್ನು, ಹಾಗಾಗಿ ನನ್ನ ಕಣ್ಣಿಗೆ ಕುತ್ತಿದ್ದೂ ಇದೊಂದೇ, ಅಷ್ಟೇ. ಆದರೂ ತಿಮ್ಮರಾಯನ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ನಂಬಿದೆ ಎಂದು ಈಗ ಹೇಳಿದರೆ ನನ್ನ ಸ್ವಭಾವಕ್ಕೇ ಅವಮಾನ.

ದಾರಿ ಒಂದೇ ಉಳಿದಿತ್ತು. ಎಣಿಕೆ ಹತ್ತಿರ ಹತ್ತಿರವಿದ್ದ ನಾಲ್ಕು ಡಿಸ್ಕನ್ನು ಒತ್ತಾಯದಿಂದ ಜೋಡಿಸಿ ಎಬ್ಬಿಸುವುದು, ಬಹಳ ಹಿಂದೆ ಬಿದ್ದ ಐದನೆಯದನ್ನು ಹೊರಗಿಡುವುದು. ಆಮೇಲೆ ಅದನ್ನು ಪೂರ್ತಿ ಒರೆಸಿ, ಆ ನಾಲ್ಕು ಹೇಳಿದ್ದನ್ನೇ ಅದರ ಮೇಲೆ ಬರೆಸುವುದು. ಎಂದರೆ ಗಿರಣಿ ಬೀದಿಯ ಡಿಸ್ಕಿನಲ್ಲಿ ಏನಿರಬೇಕೆಂದು ಮಿಕ್ಕ ನಾಲ್ಕು ಬೀದಿ ಹೇಳಬೇಕು, ನಾನು ತೆಪ್ಪಗಿರಬೇಕು. ನಮ್ಮ ಬೀದಿಯ ಹಿರಿಯರು ಮನೆಗೆ ಬಂದು ಬೈದರು. ನನ್ನ ಹೊಟ್ಟೆಯೊಳಗೂ ಅದೇ ಬೈಗುಳವಿತ್ತು. ಆದರೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುವ ಹೊನ್ನಮ್ಮನಿಗೆ ಹೇಳಲು ಬೇರೆ ಉತ್ತರವಿರಲಿಲ್ಲ. ಒರೆಸು ಎಂಬ ಆಜ್ಞೆಯನ್ನು ನಾನೇ ಕೊಟ್ಟೆ.

ನಾಲ್ಕು ಡಿಸ್ಕು ಎದ್ದು ನಿಂತವು. ದುರಸ್ತಿ ಮುಗಿದಾಗ ಬಹುಪಾಲು ಫೈಲುಗಳು ತಮ್ಮ ಜಾಗದಲ್ಲಿದ್ದವು. ಹೆಸರು ಕಳೆದುಕೊಂಡ ತುಂಡುಗಳನ್ನು ಮಾತ್ರ ಯಂತ್ರ ಒಂದು ಪ್ರತ್ಯೇಕ ಫೋಲ್ಡರಿಗೆ ತುಂಬಿತ್ತು. ಬರೀ ನಂಬರು, ತಾರೀಕಿಲ್ಲ, ಬೀದಿಯಿಲ್ಲ. ಎರಡು ಸಾವಿರದ ಮೇಲಿದ್ದವು. ಇನ್ನು ಎರಡೇ ದಿನ ಉಳಿದಿತ್ತು. ಒಬ್ಬಳಿಂದ ಆಗದ ಕೆಲಸ. ಎಲ್ಲವನ್ನೂ ಪ್ರಿಂಟ್ ಹಾಕಿ ಕಚೇರಿಯ ಜಗಲಿಯಲ್ಲಿ ಐದು ಬೀದಿಯವರನ್ನೂ ಕೂರಿಸಿದೆ. ಒಬ್ಬರ ಮಾತನ್ನು ಇನ್ನೊಬ್ಬರ ಕೈಗೆ ಹೀಗೆ ಬಿಡಿಬಿಡಿಯಾಗಿ ಕೊಟ್ಟದ್ದು ನಮ್ಮೂರಲ್ಲಿ ಅದೇ ಮೊದಲು. ಯಾರದೋ ಬೈಗುಳ, ಯಾರದೋ ಸಾಲದ ಗೋಗರೆತ, ಯಾರದೋ ಮಗು ಮೊದಲ ಸಲ ಅಮ್ಮ ಎಂದದ್ದು, ಎಲ್ಲ ಎಲ್ಲರ ಕೈಯಲ್ಲಿ. ಜಮೀಲಾಬಿ ಒಂದು ಹಾಳೆ ಓದಿ, ನನ್ನತ್ತ ಒಂದು ಸಲ ನೋಡಿ, ಮಡಚಿ ಕೆಳಗಿಟ್ಟರು. ಅದರಲ್ಲಿ ನಾನು ಅವರ ಬಗ್ಗೆ ಆಡಿದ್ದೇನೋ ಇತ್ತು ಎಂದು ನನಗೆ ಅನುಮಾನ. ಅವರು ಮುಂದಿನ ಹಾಳೆ ತೆಗೆದುಕೊಂಡರು.

ಆ ದಿನದ ಹಾಳೆ ಸಿಕ್ಕಿದ್ದು ತಿಮ್ಮರಾಯನಿಗೆ. ಅವನು ಒಂದು ಕಡೆ ಸುಮ್ಮನೆ ನಿಂತುಬಿಟ್ಟದ್ದನ್ನು ಕಂಡು ನಾನು ಎದ್ದೆ, ಇವನು ಅದನ್ನು ಹರಿದು ಬಾಯಿಗೆ ಹಾಕಿಕೊಂಡರೂ ಆಶ್ಚರ್ಯವಿಲ್ಲ ಎಂದುಕೊಂಡು. ಅವನು ನನ್ನನ್ನು ದಾಟಿ ಹೋಗಿ ಹೊನ್ನಮ್ಮನ ಮಡಿಲಲ್ಲಿ ಹಾಳೆ ಇಟ್ಟ. ನಾನು ಅವಳ ಭುಜದ ಮೇಲಿನಿಂದ ಬಗ್ಗಿ ಓದಿದೆ. ಮೊದಲ ಸಾಲು: ಒಂಬತ್ತೂ ಐವತ್ತು, ಲೈನ್ ಆಫೀಸಿನ ಅಂಗಳ, ಪುಟ್ಟರಸು ತಿಮ್ಮರಾಯನಿಗೆ: "ನಿನ್ನ ಕಾಲು ಊದಿದೆ, ನೀ ಕೂತ್ಕ, ಆ ಕಂಬಾನೂ ನಾನೇ ಹತ್ತೀನಿ." ಅದರ ಕೆಳಗೆ: ಹತ್ತೂ ನಲವತ್ತು, ಗಿರಣಿ ಹಿಂದಿನ ಮೂರನೇ ಕಂಬದ ಬುಡ, ಪುಟ್ಟರಸು ಹೆಂಡತಿಯನ್ನು ಕರೆದು ಏನೋ ಹೇಳಿದ, ಗಿರಣಿ ಸದ್ದಿಗೆ ಕೇಳಿಸಲಿಲ್ಲ.

ತಿಮ್ಮರಾಯ ಗೋಡೆಗೆ ಮುಖ ಮಾಡಿ ನಿಂತು ಅಳುತ್ತಿದ್ದ. ಹೊನ್ನಮ್ಮ ಎರಡನೇ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿದಳು. ಜಾಗವಿತ್ತು, ಗಂಟೆಯಿತ್ತು, ಮಾತು ಮಾತ್ರ ಇರಲಿಲ್ಲ. ಇಷ್ಟೆಲ್ಲ ಮಾಡಿ ಅವಳ ಕೈಗೆ ಕೊಟ್ಟದ್ದು ಇದನ್ನೇ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ನೀವು ಬಂದು ಕೇಳಿ ನನಗೆ ಹೇಳ್ತೀರಾ?"

ಇಷ್ಟು ಜನರಿದ್ದಾರೆ, ನಾನೇ ಏಕೆ ಎಂದು ಕೈಯಲ್ಲೇ ಕೇಳಿದೆ.

"ನೀವು ಯಾರನ್ನೂ ನಂಬಲ್ಲ ಸುಗುಣಕ್ಕ. ಬ್ಯಾರೆಯವ್ರು ನನಗೆ ಸಮಾಧಾನ ಆಗ್ಲಿ ಅಂತ ಏನಾರಾ ಸೇರಿಸಿ ಹೇಳಿಬಿಡ್ತಾರೆ. ನಿಮ್ಮ ಬಾಯಲ್ಲಿ ಕೇಳದೆ ಇದ್ದ ಮಾತು ಬರಲ್ಲ."

ಹನ್ನೊಂದನೇ ದಿನ ಬೆಳಿಗ್ಗೆ ಗಿರಣಿ ನಿಂತಿತ್ತು. ಕೆಲಸದ ದಿನ ಆ ಬೀದಿ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಜನ ದೂರದಲ್ಲೇ ನಿಂತರು. ಬೇರೆಯವರ ಮಾತು ಮರಳುವಾಗ ಎರಡು ಮಾರಿನೊಳಗೆ ಕಾಲಿಡಬಾರದು. ಕಂಬದ ಬುಡದಲ್ಲಿ ನಾವಿಬ್ಬರೇ. ಹೊನ್ನಮ್ಮ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಹತ್ತೂ ನಲವತ್ತಕ್ಕೆ ಬಂತು. ಕೂಗಿ ಆಡಿದ ಮಾತು, ಸಣ್ಣಗೆ, ನನ್ನ ಕಿವಿಯ ಹತ್ತಿರವೇ. ನಾನು ಕಿವಿಗೊಟ್ಟು ಕೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ಏನೂ ಕೇಳಿಸಲಿಲ್ಲ. ಅದು ನಾಟಕವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಆಗ ಅನ್ನಿಸಿತು.

ಅದು ಮುಗಿದ ಮೇಲೆ ಅವಳು ತನ್ನ ಕೊಡೆಗೆ ಕೈ ಹಾಕಿದಳು. ನಾನು ಬೇಡವೆಂದು ತಡೆದೆ. ಇದು ಬಯಲಲ್ಲೇ ಆಡಬೇಕಾದ ಮಾತು. ಅವಳೆದುರು ನಿಂತು, ತುಟಿ ಕಾಣುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದೆ.

"ಹೊನ್ನಾ, ತಿಮ್ಮನ ಕಂಬಾನೂ ನಂದೇ ಇವತ್ತು. ಮಧ್ಯಾಹ್ನಕ್ಕೆ ಬರಲ್ಲ. ಕಾಯಬ್ಯಾಡ, ನೀ ಉಂಡ್ಬಿಡು. ಕೇಳಿಸ್ತಾ?"

ಅವಳು ಇನ್ನೂ ಕಾಯುತ್ತಿದ್ದಳು, ಮುಂದೆ ಏನಾದರೂ ಇದೆಯೋ ಎಂದು. ಅಷ್ಟೇ ಹೊನ್ನಮ್ಮ ಎಂದು ನಾನು ತಲೆಯಾಡಿಸಿದೆ. ಒಂದು ಅಕ್ಷರ ಸೇರಿಸಿಲ್ಲ, ಒಂದು ಅಕ್ಷರ ಬಿಟ್ಟಿಲ್ಲ ಎಂದೆ. ಅವಳು ನನ್ನ ಕೈ ಬಿಟ್ಟಳು. ಕಂಬದ ಕಡೆಗೆ ತಿರುಗಿ, ಕಿವಿ ಕೇಳಿಸದವರು ಮಾತಾಡುವ ಹಾಗೆ ಬಹಳ ಗಟ್ಟಿಯಾಗಿ, "ಕೇಳಿಸ್ತು" ಎಂದಳು.

ನಮ್ಮ ಬೀದಿಯ ಕೇಳುಗ ದೂರದಲ್ಲಿ ನಿಂತು ಚೀಟಿಯಲ್ಲಿ ಅದನ್ನು ಬರೆದುಕೊಂಡ. ಹೊನ್ನಮ್ಮ ಕಣ್ಣೊರೆಸಿಕೊಂಡು ಗಂಟೆ ಎಷ್ಟೆಂದು ಕೇಳಿದಳು. ಹನ್ನೊಂದಾಗುತ್ತಾ ಬಂತು ಎಂದು ಬೆರಳಲ್ಲಿ ತೋರಿಸಿದೆ. ಮುದ್ದೆಗೆ ಎಸರಿಡುತ್ತೇನೆ, ಒಂದು ಗಂಟೆಗೆ ನೀವೂ ಬನ್ನಿ ಎಂದಳು. ಆ ದಿನ ಒಂದಕ್ಕೆ ನಾನು ಐದೂ ಡಿಸ್ಕನ್ನು ಗೂಡಿನಲ್ಲೇ ಬಿಟ್ಟು, ಬರಿಗೈಯಲ್ಲಿ ಅವಳ ಮನೆಗೆ ಹೋದೆ. ಅವಳು ತನಗೊಂದು, ನನಗೊಂದು ತಟ್ಟೆ ಹಾಕಿ, ಯಾರಿಗೂ ಕಾಯದೆ, ಮೊದಲ ತುತ್ತು ಮುರಿದಳು.